ಅಗ್ಗದ ಯುದ್ಧಗಳ ಊರು ಚಿನೆಚಿತ್ತಾ

ರೋಮ್ ನಗರದ ತೆರ್ಮಿನಿ ರೈಲು ನಿಲ್ದಾಣದಲ್ಲಿ 'ಎ' ಮಾರ್ಗದ ಸುರಂಗ ರೈಲು ಹತ್ತಿ ಆಗ್ನೇಯ ದಿಕ್ಕಿಗೆ ಹೊರಟರೆ, ಅರ್ಧ ಗಂಟೆಯೊಳಗೆ ಚಿನೆಚಿತ್ತಾ ಎಂಬ ನಿಲ್ದಾಣ ಬರುತ್ತದೆ. ಮೆಟ್ಟಿಲು ಹತ್ತಿ ಮೇಲೆ ಬಂದರೆ ವಾಹನಗಳಿಂದ ತುಂಬಿದ ತುಸ್ಕೊಲಾನಾ ರಸ್ತೆ, ಅದರ ಮಗ್ಗುಲಲ್ಲೇ ಕಾವಿ ಬಣ್ಣದ ಗೋಡೆಯ ಒಂದು ಕಟ್ಟಡ, ಒಳಗೆ ಕೊಡೆ ಬಿಚ್ಚಿದಂತೆ ನಿಂತ ಪೈನ್ ಮರಗಳು. ಹೊರಗಿನಿಂದ ನೋಡಿದವರಿಗೆ ಹಳೆಯ ಕಾಲದ ಕಾರ್ಖಾನೆಯಂತೆ ಕಾಣಬಹುದು. ನಿಜಕ್ಕೂ ಅದೊಂದು ಕಾರ್ಖಾನೆಯೇ. ಅಲ್ಲಿ ತಯಾರಾದ ಸರಕು ಮಾತ್ರ ಸಿನಿಮಾ. 'ಚಿನೆಚಿತ್ತಾ' ಎಂದರೆ ಇಟಲಿಯ ಭಾಷೆಯಲ್ಲಿ ಸಿನಿಮಾ ನಗರ ಎಂದರ್ಥ.

ಕೊಲೊಸಿಯಂ, ವ್ಯಾಟಿಕನ್‌ಗಳನ್ನು ನೋಡಲು ಬರುವ ಲಕ್ಷಾಂತರ ಪ್ರವಾಸಿಗಳ ಪೈಕಿ ಇಲ್ಲಿಯವರೆಗೆ ಬರುವವರು ಕಡಿಮೆ. ಬಂದವರಿಗೆ 2011ರಲ್ಲಿ ಆರಂಭವಾದ ಪ್ರದರ್ಶನವೊಂದು ಕಾದಿರುತ್ತದೆ. ಮಾರ್ಗದರ್ಶಕರೊಡನೆ ಒಳಗೆ ನಡೆದರೆ ಪ್ರಾಚೀನ ರೋಮಿನ ಒಂದು ಬೀದಿಯೇ ಎದುರಾಗುತ್ತದೆ. ದೇವಾಲಯಗಳು, ಕಂಬಗಳು, ಅಂಗಡಿಗಳು. ಕಂಬವೊಂದನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಶಬ್ದ! ಅದು ಕಲ್ಲಲ್ಲ, ಗಾಜಿನ ನಾರಿನಿಂದ ಮಾಡಿದ್ದು. ಹಿಂದಕ್ಕೆ ಹೋಗಿ ನೋಡಿದರೆ ಕಬ್ಬಿಣದ ಕೊಳವೆಗಳ ಆಸರೆ ಕಾಣುತ್ತದೆ. ದೂರದರ್ಶನ ಧಾರಾವಾಹಿಯೊಂದಕ್ಕಾಗಿ ಕಟ್ಟಿದ ರೋಮ್ ಅದು.

'ಬೆನ್‌ಹರ್' (1959) ಚಿತ್ರದ ರಥಗಳ ಓಟ ನಡೆದದ್ದು ಇಲ್ಲಿ. ಫೆಲಿನಿಯ ನೆಚ್ಚಿನ ಐದನೇ ನಂಬರಿನ ಸ್ಟುಡಿಯೋ ಇರುವುದೂ ಇಲ್ಲೇ. ಇವೆಲ್ಲ ಎಲ್ಲ ಪುಸ್ತಕಗಳಲ್ಲೂ ಸಿಗುವ ಸಂಗತಿಗಳು. ಆದರೆ ಈ ಊರಿಗೆ, ಇದರ ಸುತ್ತಮುತ್ತಲಿನ ಸಣ್ಣ ಸ್ಟುಡಿಯೋಗಳಿಗೆ ಇನ್ನೊಂದು ಚರಿತ್ರೆ ಇದೆ. 1960ರ ದಶಕದ ಕೊನೆಯಿಂದ 1980ರ ದಶಕದ ಕೊನೆಯವರೆಗೆ ಇಲ್ಲಿನ ನಿರ್ದೇಶಕರು, ಬಡಗಿಗಳು, ಬಣ್ಣಗಾರರು, ಸಿಡಿಮದ್ದಿನ ಕೆಲಸಗಾರರು ಸೇರಿ ಅತಿ ಕಡಿಮೆ ಖರ್ಚಿನಲ್ಲಿ ಯುದ್ಧದ ಚಿತ್ರಗಳನ್ನು ಸಾಲುಸಾಲಾಗಿ ತಯಾರಿಸಿದರು. ಇಟಲಿಯ ಕೌಬಾಯ್ ಚಿತ್ರಗಳಿಗೆ 'ಸ್ಪಗೆಟ್ಟಿ ವೆಸ್ಟರ್ನ್' ಎಂಬ ಹೆಸರು ಬಿದ್ದಂತೆ, ಇವಕ್ಕೆ 'ಮ್ಯಾಕರೋನಿ ಕಾಂಬ್ಯಾಟ್' ಎಂಬ ಅಡ್ಡಹೆಸರು ಬಿತ್ತು. ಕೌಬಾಯ್ ಚಿತ್ರಗಳಿಗೆ ಮುಂದೆ ಗೌರವ ಸಿಕ್ಕಿತು. ಯುದ್ಧದ ಚಿತ್ರಗಳು ಮಾತ್ರ ಬಹುಕಾಲ ಮೂಲೆಯಲ್ಲೇ ಉಳಿದವು.

ಗೋಡೆಗಳೊಳಗಿನ ನಿಜವಾದ ಯುದ್ಧ

ಚಿನೆಚಿತ್ತಾ ಉದ್ಘಾಟನೆಯಾದದ್ದು 1937ರ ಏಪ್ರಿಲ್ 28ರಂದು. ಉದ್ಘಾಟಿಸಿದವನು ಸರ್ವಾಧಿಕಾರಿ ಮುಸೊಲಿನಿ. ಸಿನಿಮಾ ಅತ್ಯಂತ ಬಲವಾದ ಆಯುಧ ಎಂಬುದು ಅವನ ಕಾಲದ ಘೋಷಣೆ. ಆಯುಧಗಳ ನಿಜವಾದ ಬಲವೇನೆಂಬುದು ಕೆಲವೇ ವರ್ಷಗಳಲ್ಲಿ ಈ ಊರಿಗೇ ಗೊತ್ತಾಯಿತು.

1943ರ ಸೆಪ್ಟೆಂಬರಿನಲ್ಲಿ ಇಟಲಿ ಮಿತ್ರರಾಷ್ಟ್ರಗಳಿಗೆ ಶರಣಾದೊಡನೆ ಜರ್ಮನ್ ಸೈನ್ಯ ರೋಮನ್ನು ವಶಪಡಿಸಿಕೊಂಡಿತು. ಸ್ಟುಡಿಯೋಗಳ ಹತ್ತಿರವೇ ಕ್ವಾದ್ರಾರೊ ಎಂಬ ಕೂಲಿಕಾರರ ಬಡಾವಣೆ ಇದೆ. ಜರ್ಮನರನ್ನು ವಿರೋಧಿಸುವವರಿಗೆ ಆಶ್ರಯ ಕೊಟ್ಟಿದ್ದರಿಂದ ಅದನ್ನು ಅವರು 'ಕಣಜದ ಗೂಡು' ಎಂದು ಕರೆಯುತ್ತಿದ್ದರು. 1944ರ ಏಪ್ರಿಲ್ 17ರ ನಸುಕಿನಲ್ಲಿ ಇಡೀ ಬಡಾವಣೆಯನ್ನು ಸುತ್ತುವರಿದು ಮನೆಮನೆಯಿಂದ ಗಂಡಸರನ್ನು ಎಳೆದು ತಂದರು. ಹಾಗೆ ಹಿಡಿದ ನೂರಾರು ಜನರನ್ನು ಚಿನೆಚಿತ್ತಾದ ಸ್ಟುಡಿಯೋಗಳಲ್ಲಿ ಕೂಡಿಹಾಕಿ, ಅಲ್ಲಿಂದ ಜರ್ಮನಿಯತ್ತ ಜೀತದ ದುಡಿಮೆಗೆ ಸಾಗಿಸಿದರು. ಅನೇಕರು ಮರಳಲಿಲ್ಲ.

ಆ ವರ್ಷದ ಜೂನ್ ತಿಂಗಳಲ್ಲಿ ಮಿತ್ರಸೈನ್ಯ ರೋಮನ್ನು ಬಿಡುಗಡೆ ಮಾಡಿತು. ಬಾಂಬುಗಳಿಗೆ ಜಖಂಗೊಂಡ ಸ್ಟುಡಿಯೋಗಳು ನಿರಾಶ್ರಿತರ ಶಿಬಿರಗಳಾದವು. ಮನೆ ಕಳೆದುಕೊಂಡ ಇಟಲಿಯವರು, ಯುರೋಪಿನ ಬೇರೆ ಬೇರೆ ಕಡೆಗಳಿಂದ ಬಂದವರು, ಸಾವಿರಾರು ಮಂದಿ, ಚಿತ್ರೀಕರಣದ ಎತ್ತರದ ಹಜಾರಗಳಲ್ಲಿ ಹಲಗೆ, ರಟ್ಟುಗಳ ಮರೆ ಕಟ್ಟಿಕೊಂಡು ವರ್ಷಗಟ್ಟಲೆ ಸಂಸಾರ ನಡೆಸಿದರು. 1950ರಲ್ಲಿ ಅಮೆರಿಕದವರು 'ಕ್ವೊ ವಾಡಿಸ್' ಚಿತ್ರೀಕರಣಕ್ಕೆ ಬಂದಾಗ, ಗುಂಪಿನ ದೃಶ್ಯಗಳಲ್ಲಿ ದಿನಗೂಲಿಗೆ ನಿಂತವರಲ್ಲಿ ಈ ನಿರಾಶ್ರಿತರೂ ಇದ್ದರು.

ಮುಂದೆ ಇದೇ ಜಾಗದ ಆಸುಪಾಸಿನಲ್ಲಿ ಸುಳ್ಳು ಬಂದೂಕು ಹಿಡಿದು ಸುಳ್ಳು ಯುದ್ಧ ಮಾಡಿದವರಲ್ಲಿ ಹಲವರು, ಬಾಲ್ಯದಲ್ಲಿ ನಿಜವಾದ ಯುದ್ಧವನ್ನು ಕಂಡ ತಲೆಮಾರಿನವರು. ನಿರ್ದೇಶಕ ಆಂತೋನಿಯೊ ಮಾರ್ಗೆರಿತಿ ಹುಟ್ಟಿದ್ದು 1930ರಲ್ಲಿ. ಉಂಬೆರ್ತೊ ಲೆನ್ಜಿ 1931ರಲ್ಲಿ. ಎಂಜೊ ಕಾಸ್ತೆಲ್ಲಾರಿ 1938ರಲ್ಲಿ. ಅವರ ಚಿತ್ರಗಳನ್ನು ನೋಡುವಾಗ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಅಡುಗೆಗೆ ಒಂದೇ ಸೂತ್ರ

ಇಷ್ಟೊಂದು ಚಿತ್ರಗಳು ಒಮ್ಮೆಲೇ ಹುಟ್ಟಿಕೊಂಡದ್ದು ಹೇಗೆ? ಉತ್ತರ ಸರಳವಾಗಿದೆ. ಆಗಿನ ಇಟಲಿಯಲ್ಲಿ ಸಿನಿಮಾ ಎಂದರೆ ಜನರ ಉಸಿರು. 1955ರಲ್ಲಿ ಆ ದೇಶದಲ್ಲಿ ಮಾರಾಟವಾದ ಸಿನಿಮಾ ಟಿಕೆಟುಗಳು 81 ಕೋಟಿಗೂ ಹೆಚ್ಚು. ಚಿತ್ರಮಂದಿರಗಳಲ್ಲಿ ದರ್ಜೆಗಳಿದ್ದವು. ಹೊಸ ಚಿತ್ರ ಮೊದಲು ನಗರದ ದೊಡ್ಡ ಮಂದಿರದಲ್ಲಿ, ಆಮೇಲೆ ಎರಡನೇ ದರ್ಜೆಯದರಲ್ಲಿ, ಕೊನೆಗೆ ಹಳ್ಳಿ, ಬಡಾವಣೆಗಳ ಮೂರನೇ ದರ್ಜೆಯದರಲ್ಲಿ. ಈ ಕೊನೆಯ ಮಂದಿರಗಳಿಗೆ ಪದೇ ಪದೇ ಹೊಸ ಚಿತ್ರ ಬೇಕು. ಅದು ಅಗ್ಗವಾಗಿರಬೇಕು, ಜನಕ್ಕೆ ರುಚಿಸಬೇಕು. ಹೀಗಾಗಿ ಒಂದು ಬಗೆಯ ಚಿತ್ರ ಗೆದ್ದರೆ ಸಾಕು, ಅದರ ಹಿಂದೆ ಹತ್ತಾರು ತಮ್ಮಂದಿರು ಹುಟ್ಟುತ್ತಿದ್ದರು. ಮೊದಲು ಪುರಾಣದ ಪೈಲ್ವಾನರ ಚಿತ್ರಗಳು, 1964ರ ನಂತರ ಕೌಬಾಯ್ ಚಿತ್ರಗಳು, ಆಮೇಲೆ ಗೂಢಚಾರರ ಚಿತ್ರಗಳು.

1967ರಲ್ಲಿ ಹಾಲಿವುಡ್ಡಿನ 'ದಿ ಡರ್ಟಿ ಡಜನ್' ತೆರೆಕಂಡಿತು. ಶಿಕ್ಷೆಗೊಳಗಾದ ಹನ್ನೆರಡು ಕೈದಿ ಸೈನಿಕರನ್ನು ಶತ್ರುವಿನ ನೆಲದೊಳಕ್ಕೆ ಕಳಿಸುವ ಕಥೆ. ಇಟಲಿಯ ನಿರ್ಮಾಪಕರಿಗೆ ಸೂತ್ರ ಸಿಕ್ಕಿಬಿಟ್ಟಿತು. ಐದಾರು ಜನರ ತಂಡ. ಒಬ್ಬ ಸಿಡಿಮದ್ದಿನ ನಿಪುಣ, ಒಬ್ಬ ಬೀಗ ಒಡೆಯುವವ, ಒಬ್ಬ ಜಗಳಗಂಟ. ಶತ್ರುವಿನ ಕೋಟೆಯಲ್ಲೊಂದು ರಹಸ್ಯ ಕಾಗದ. ಕೊನೆಗೆ ಭಾರಿ ಸ್ಫೋಟ. ಆಲ್ಬೆರ್ತೊ ದೆ ಮಾರ್ತಿನೊ ಅದೇ 1967ರಲ್ಲಿ ಆರ್ಡೆನ್ಸ್ ಯುದ್ಧದ ಹಿನ್ನೆಲೆಯ ಚಿತ್ರ ಮಾಡಿದ. ಅದರ ಸಂಗೀತದಲ್ಲಿ ಪ್ರಖ್ಯಾತ ಎನ್ನಿಯೊ ಮೊರಿಕೋನೆಯ ಕೈ ಇತ್ತು. ಜಾನ್‌ಫ್ರಾಂಕೊ ಪರೋಲಿನಿಯ 1969ರ 'ಫೈವ್ ಫಾರ್ ಹೆಲ್' ಚಿತ್ರದಲ್ಲಿ ಸೈನಿಕರು ಸರ್ಕಸ್ಸಿನವರಂತೆ ಜಿಗಿಹಾಸಿನ ಮೇಲೆ ಹಾರಿ ಶತ್ರುಗಳ ಬೇಲಿ ದಾಟುತ್ತಾರೆ! ನಗು ಬರುವುದು ಸಹಜ. ಆದರೆ ಹಾರುತ್ತಿದ್ದವರು ನಿಜವಾಗಿಯೂ ಹಾರುತ್ತಿದ್ದರು. ಪೈಲ್ವಾನರ ಚಿತ್ರಗಳಲ್ಲಿ ಪಳಗಿದ ಸಾಹಸಿಗಳ ದೇಹಗಳು ಈ ಚಿತ್ರಗಳ ನಿಜವಾದ ಬಂಡವಾಳವಾಗಿದ್ದವು.

ಹೊರದೇಶಗಳಿಗೆ ಮಾರಲು ಅನುಕೂಲವಾಗಲೆಂದು ಹೆಸರುಗಳೂ ಬದಲಾದವು. ಮಾರ್ಗೆರಿತಿ 'ಆಂಥನಿ ಎಂ. ಡಾಸನ್' ಆದ. 1969ರಲ್ಲಿ ಎಲ್ ಅಲಮೈನ್ ಯುದ್ಧದ ಚಿತ್ರ ಮಾಡಿದ ಜಾರ್ಜಿಯೊ ಫೆರೋನಿ 'ಕ್ಯಾಲ್ವಿನ್ ಜಾಕ್ಸನ್ ಪ್ಯಾಜೆಟ್' ಆದ. ಬ್ರೂನೊ ಮತ್ತೇಯಿ 'ವಿನ್ಸೆಂಟ್ ಡಾನ್' ಆದ.

ಅರ್ಧ ಫಿಲ್ಮಿನ ಲೆಕ್ಕ

ಖರ್ಚು ಉಳಿಸುವ ವಿದ್ಯೆಯಲ್ಲಿ ಇವರು ಎಷ್ಟು ನಿಪುಣರೆಂದರೆ, ಫಿಲ್ಮನ್ನೇ ಅರ್ಧ ಮಾಡಿದರು. ಸಾಮಾನ್ಯವಾದ 35 ಮಿ.ಮೀ. ಫಿಲ್ಮಿನಲ್ಲಿ ಪ್ರತಿ ಚಿತ್ರಕ್ಕೆ ಅಂಚಿನ ನಾಲ್ಕು ರಂಧ್ರಗಳಷ್ಟು ಎತ್ತರ. ಒಂದು ಅಡಿ ಫಿಲ್ಮಿನಲ್ಲಿ 16 ಚಿತ್ರಗಳು. ಸೆಕೆಂಡಿಗೆ 24 ಚಿತ್ರಗಳು ಓಡಬೇಕಾದ್ದರಿಂದ ನಿಮಿಷಕ್ಕೆ 90 ಅಡಿ ಫಿಲ್ಮು ಖರ್ಚು. ಸಾವಿರ ಅಡಿಯ ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ.

ರೋಮಿನ ಟೆಕ್ನಿಕಲರ್ ಪ್ರಯೋಗಶಾಲೆ 1960ರ ದಶಕದ ಆರಂಭದಲ್ಲಿ ಬಳಕೆಗೆ ತಂದ 'ಟೆಕ್ನಿಸ್ಕೋಪ್' ಪದ್ಧತಿಯಲ್ಲಿ ಪ್ರತಿ ಚಿತ್ರಕ್ಕೆ ಎರಡೇ ರಂಧ್ರಗಳ ಎತ್ತರ. ಅದೇ ಸಾವಿರ ಅಡಿ ಇಪ್ಪತ್ತೆರಡು ನಿಮಿಷ ಬರುತ್ತದೆ. ಚಿತ್ರ ಸಹಜವಾಗಿಯೇ ಅಗಲವಾಗಿರುವುದರಿಂದ ಅಗಲ ಪರದೆಗೆ ಬೇಕಾದ ದುಬಾರಿ ಮಸೂರವೂ ಕ್ಯಾಮೆರಾಕ್ಕೆ ಬೇಡ. ಸಂಸ್ಕರಿಸುವಾಗ ಎತ್ತರದ ದಿಕ್ಕಿನಲ್ಲಿ ಹಿಗ್ಗಿಸಿಕೊಂಡರಾಯಿತು. ನಷ್ಟ ಏನೆಂದರೆ, ಚಿಕ್ಕ ಚಿತ್ರವನ್ನು ದೊಡ್ಡದು ಮಾಡಿದಾಗ ಫಿಲ್ಮಿನ ರಾಸಾಯನಿಕ ಕಣಗಳೂ ದೊಡ್ಡದಾಗಿ ಪರದೆಯ ಮೇಲೆ ಮರಳು ಎರಚಿದಂತೆ ಕಾಣುತ್ತವೆ. ಧೂಳು, ಹೊಗೆ ತುಂಬಿದ ಯುದ್ಧಭೂಮಿಗೆ ಆ ದೋಷವೂ ಒಪ್ಪಿತು!

ಶಬ್ದದ ವಿಷಯದಲ್ಲೂ ಹೀಗೆಯೇ. ಇಟಲಿಯಲ್ಲಿ ಚಿತ್ರೀಕರಣದ ವೇಳೆ ಮಾತುಗಳನ್ನು ಮುದ್ರಿಸಿಕೊಳ್ಳುವ ರೂಢಿ ಆಗ ಕಡಿಮೆ. ಮಾತು, ಗುಂಡಿನ ಸದ್ದು, ಬೂಟಿನ ಸಪ್ಪಳ ಎಲ್ಲವೂ ಆಮೇಲೆ ಕೋಣೆಯೊಳಗೆ ಸೇರುತ್ತಿದ್ದವು. ಹೀಗಾಗಿ ಒಂದೇ ದೃಶ್ಯದಲ್ಲಿ ಅಮೆರಿಕದ ನಟ ಇಂಗ್ಲಿಷಿನಲ್ಲಿ, ಜರ್ಮನ್ ನಟ ಜರ್ಮನಿನಲ್ಲಿ, ರೋಮಿನವ ತನ್ನ ಭಾಷೆಯಲ್ಲಿ ಮಾತಾಡಿದರೂ ಅಡ್ಡಿಯಿರಲಿಲ್ಲ. ಎರಡು ಮೂರು ದೇಶಗಳ ಹಣ ಸೇರಿಸಿ ಚಿತ್ರ ಮಾಡುವುದಕ್ಕೆ ಇದರಿಂದ ದೊಡ್ಡ ಅನುಕೂಲವಾಯಿತು.

ಮಳೆ ಬಾರದ ನಾಡು

ಪಾಲುಗಾರ ದೇಶಗಳಲ್ಲಿ ಮುಖ್ಯವಾದದ್ದು ಸ್ಪೇನ್. ಅಲ್ಲಿನ ಆಗ್ನೇಯ ಮೂಲೆಯ ಅಲ್ಮೆರಿಯಾ ಪ್ರಾಂತ್ಯದಲ್ಲಿ ತಬೆರ್ನಾಸ್ ಎಂಬ ಊರಿದೆ. ಊರಿನಾಚೆ ಕೊರಕಲು ಬಿದ್ದ ಬೋಳು ಗುಡ್ಡಗಳು, ನೀರಿಲ್ಲದ ಹಳ್ಳಗಳು. ಉತ್ತರಕ್ಕೆ ಫಿಲಾಬ್ರೆಸ್, ದಕ್ಷಿಣಕ್ಕೆ ಅಲ್ಹಮಿಯಾ ಪರ್ವತಸಾಲುಗಳು ಮೋಡಗಳನ್ನು ತಡೆಯುವುದರಿಂದ ನಡುವಿನ ಕಣಿವೆಗೆ ಮಳೆ ತಲುಪುವುದೇ ಅಪರೂಪ. ಭೂಗೋಳದ ಪಾಠದಲ್ಲಿ ಬರುವ 'ಮಳೆಯ ನೆರಳಿನ ಪ್ರದೇಶ'ಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯುರೋಪಿನಲ್ಲಿ ಸಿಗಲಾರದು.

ವರ್ಷದಲ್ಲಿ ಮೂರು ಸಾವಿರ ಗಂಟೆಗಳಷ್ಟು ಬಿಸಿಲು ಬೀಳುವ ಈ ನಾಡಿಗೆ ಮೊದಲು ಸಿನಿಮಾದವರು ಬಂದರು. 'ಲಾರೆನ್ಸ್ ಆಫ್ ಅರೇಬಿಯಾ' (1962) ಚಿತ್ರದ ಭಾಗಗಳು, ಸರ್ಜಿಯೊ ಲಿಯೋನೆಯ ಕೌಬಾಯ್ ಚಿತ್ರಗಳು, 'ಪ್ಯಾಟನ್' (1970) ಚಿತ್ರದ ಯುದ್ಧಗಳು ಇಲ್ಲಿ ತಯಾರಾದವು. ಆಮೇಲೆ ಅದೇ ಬಿಸಿಲನ್ನು ಹುಡುಕಿಕೊಂಡು ವಿಜ್ಞಾನಿಗಳೂ ಬಂದರು. ತಬೆರ್ನಾಸ್ ಬಳಿ ಸೌರಶಕ್ತಿಯ ದೊಡ್ಡ ಸಂಶೋಧನಾ ಕೇಂದ್ರವಿದೆ. ಫಿಲಾಬ್ರೆಸ್ ಬೆಟ್ಟದ ಮೇಲೆ, 2,168 ಮೀಟರ್ ಎತ್ತರದ ಕಲಾರ್ ಆಲ್ತೊ ಶಿಖರದಲ್ಲಿ 3.5 ಮೀಟರ್ ವ್ಯಾಸದ ದರ್ಪಣವುಳ್ಳ ದೂರದರ್ಶಕವಿದೆ. ಕೆಳಗಿನ ಕಣಿವೆಯಲ್ಲಿ ಹಳೆಯ ಕೌಬಾಯ್ ಪಟ್ಟಣಗಳನ್ನು ಪ್ರವಾಸಿಗಳಿಗಾಗಿ ಉಳಿಸಿಕೊಂಡಿದ್ದಾರೆ. ಒಂದೇ ಆಕಾಶ ಮೂರು ಕಸುಬುಗಳಿಗೆ ಅನ್ನ ಕೊಟ್ಟಿದೆ.

ಸ್ಪೇನಿನಲ್ಲಿ ಇನ್ನೊಂದು ಅನುಕೂಲವಿತ್ತು. ಅಲ್ಲಿನ ಸರ್ಕಾರ ತನ್ನ ಸೈನಿಕರನ್ನೂ ಟ್ಯಾಂಕುಗಳನ್ನೂ ಸಿನಿಮಾದವರಿಗೆ ಬಾಡಿಗೆಗೆ ಕೊಡುತ್ತಿತ್ತು. ಯುದ್ಧದ ನಂತರ ಅಮೆರಿಕದಲ್ಲಿ ತಯಾರಾದ ಟ್ಯಾಂಕುಗಳೇ ಬಣ್ಣ ಬದಲಿಸಿ ಜರ್ಮನ್ ಟ್ಯಾಂಕುಗಳಾದವು. ವಿಮಾನಗಳ ಕಥೆ ಇನ್ನೂ ವಿಚಿತ್ರ. 1969ರ ಬ್ರಿಟಿಷ್ ಚಿತ್ರ 'ಬ್ಯಾಟಲ್ ಆಫ್ ಬ್ರಿಟನ್'ನಲ್ಲಿ ಜರ್ಮನಿಯ ಮೆಸರ್‌ಶ್ಮಿಟ್ ಆಗಿ ಹಾರಿದ್ದು ಸ್ಪೇನಿನಲ್ಲಿ ತಯಾರಾದ ವಿಮಾನ. ಅದರ ಮೈ ಜರ್ಮನ್ ಮಾದರಿಯದು. ಒಳಗಿನ ಎಂಜಿನ್ ಮಾತ್ರ ಎದುರಾಳಿ ಸ್ಪಿಟ್‌ಫೈರ್‌ಗಳನ್ನು ಹಾರಿಸಿದ ಅದೇ ರೋಲ್ಸ್ ರಾಯ್ಸ್ ಮರ್ಲಿನ್! ಅದೇ ವರ್ಷ ಕಾಸ್ತೆಲ್ಲಾರಿ ಇದೇ ಆಕಾಶಯುದ್ಧದ ಬಗ್ಗೆ ಚಿತ್ರ ಮಾಡಿದ. ಬ್ರಿಟಿಷರ ಬಳಿ ಇದ್ದಷ್ಟು ವಿಮಾನಗಳು ಅವನ ಬಳಿ ಇರಲಿಲ್ಲ. ಆದ್ದರಿಂದ ಹಳೆಯ ಚಿತ್ರತುಣುಕುಗಳನ್ನು ಸೇರಿಸಿ, ಪರದೆಯನ್ನು ಹಲವು ಚೌಕಗಳಾಗಿ ವಿಂಗಡಿಸಿ, ಇದ್ದುದನ್ನೇ ಹೆಚ್ಚಾಗಿ ತೋರಿಸಿದ.

ಒಂದೇ ಕಣ್ಣಿನ ಕ್ಯಾಮೆರಾ

ಈ ಚಿತ್ರಗಳಲ್ಲಿ ವಿದ್ಯಾರ್ಥಿಗಳು ಕಲಿಯಬೇಕಾದ ವಿದ್ಯೆಯೆಂದರೆ ಮಾದರಿಗಳದ್ದು. ಸ್ಪೇನಿನ ಎಮಿಲಿಯೊ ರೂಯಿಸ್ ದೆಲ್ ರಿಯೊ (1923-2007) ಇದರಲ್ಲಿ ಗುರು ಎನಿಸಿಕೊಂಡವನು. ಕೋಟೆಯನ್ನೋ ಸೇತುವೆಯನ್ನೋ ಅಲ್ಯೂಮಿನಿಯಂ ತಗಡಿನ ಮೇಲೆ ಬರೆದು, ಅಂಚನ್ನು ಕತ್ತರಿಸಿ, ಕ್ಯಾಮೆರಾದ ಮುಂದೆ ನಿಲ್ಲಿಸುತ್ತಿದ್ದ. ಇಲ್ಲವೇ ಪುಟ್ಟ ಮಾದರಿಯನ್ನು ಇಡುತ್ತಿದ್ದ. ದೂರದಲ್ಲಿ ನಿಜವಾದ ಬಯಲು, ನಿಜವಾದ ಜನ. ಎರಡೂ ಕೂಡಿ ಒಂದೇ ದೃಶ್ಯವಾಗುತ್ತಿತ್ತು.

ಇದು ಹೇಗೆ ಸಾಧ್ಯ? ನಾಲ್ಕು ಮೀಟರ್ ದೂರದಲ್ಲಿರುವ ಎರಡು ಮೀಟರಿನ ಮಾದರಿಯೂ, ನೂರು ಮೀಟರ್ ದೂರದಲ್ಲಿರುವ ಐವತ್ತು ಮೀಟರಿನ ಕಟ್ಟಡವೂ ಕಣ್ಣಿಗೆ ಒಂದೇ ಕೋನದಲ್ಲಿ ಕಾಣುತ್ತವೆ. ಮನುಷ್ಯನಿಗೆ ಎರಡು ಕಣ್ಣುಗಳಿರುವುದರಿಂದ ಯಾವುದು ಹತ್ತಿರ, ಯಾವುದು ದೂರ ಎಂಬುದು ತಿಳಿಯುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಕಣ್ಣು ಮುಚ್ಚಿ, ಚಾಚಿದ ಹೆಬ್ಬೆರಳಿನಿಂದ ದೂರದ ನೀರಿನ ಟ್ಯಾಂಕನ್ನು ಮರೆಮಾಡಿ. ಕಣ್ಣು ಬದಲಿಸಿದೊಡನೆ ಬೆರಳು ಪಕ್ಕಕ್ಕೆ ಜಿಗಿಯುತ್ತದೆ. ಹೀಗೆ ಜಿಗಿದರೆ ಗುಟ್ಟು ರಟ್ಟು. ಆದ್ದರಿಂದಲೇ ಕ್ಯಾಮೆರಾವನ್ನು ತಿರುಗಿಸುವಾಗ ಅದರ ಮಸೂರದೊಳಗಿನ ನಿರ್ದಿಷ್ಟ ಬಿಂದುವೇ ತಿರುಗಣಿಯಾಗುವಂತೆ ಕೂರಿಸಬೇಕಾಗುತ್ತಿತ್ತು. ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಕಾಣಬೇಕಾದರೆ ಮಸೂರದ ರಂಧ್ರ ಚಿಕ್ಕದಿರಬೇಕು, ಬೆಳಕು ಹೇರಳವಾಗಿರಬೇಕು. ಸ್ಪೇನಿನ ಬಿಸಿಲು ಅದಕ್ಕೂ ಒದಗಿತು.

ಮಾದರಿಯನ್ನು ಸ್ಫೋಟಿಸುವಾಗ ಇನ್ನೊಂದು ತೊಡಕು. 20 ಮೀಟರ್ ಎತ್ತರದ ಗೋಪುರದ ತುದಿಯಿಂದ ಕಲ್ಲೊಂದು ನೆಲ ಮುಟ್ಟಲು ಸುಮಾರು ಎರಡು ಸೆಕೆಂಡು ಬೇಕು. ಅದರ ಹದಿನಾರನೇ ಒಂದು ಭಾಗದ, ಅಂದರೆ 1.25 ಮೀಟರಿನ ಮಾದರಿಯಿಂದ ಬೀಳಲು ಅರ್ಧ ಸೆಕೆಂಡು ಸಾಕು. ಪರದೆಯ ಮೇಲೆ ಅದು ಆಟಿಕೆ ಎಂಬುದು ಮಗುವಿಗೂ ಗೊತ್ತಾಗುತ್ತದೆ. ಎತ್ತರ ಹದಿನಾರು ಪಟ್ಟು ಕುಗ್ಗಿದರೆ ಕಾಲ ಅದರ ವರ್ಗಮೂಲದಷ್ಟು, ಅಂದರೆ ನಾಲ್ಕು ಪಟ್ಟು ಕುಗ್ಗುತ್ತದೆ. ಪರಿಹಾರವೂ ಅದರಲ್ಲೇ ಇದೆ. ಸೆಕೆಂಡಿಗೆ 24ರ ಬದಲು 96 ಚಿತ್ರಗಳನ್ನು ತೆಗೆದು, ತೋರಿಸುವಾಗ 24ರ ವೇಗದಲ್ಲಿ ಓಡಿಸಿದರೆ ಅರ್ಧ ಸೆಕೆಂಡು ಎರಡು ಸೆಕೆಂಡಾಗುತ್ತದೆ. ಗೋಪುರ ಗಂಭೀರವಾಗಿ ಕುಸಿಯುತ್ತದೆ. ಆದರೆ ನೀರು ಮತ್ತು ಬೆಂಕಿ ಈ ಲೆಕ್ಕಕ್ಕೆ ಪೂರ್ತಿ ಬಗ್ಗುವುದಿಲ್ಲ. ನೀರಿನ ಹನಿಯ ಗಾತ್ರವನ್ನು ನಿರ್ಧರಿಸುವುದು ಅದರ ಮೇಲ್ಮೈ ಸೆಳೆತ. ಅದನ್ನು ಹದಿನಾರು ಪಟ್ಟು ಕುಗ್ಗಿಸಲು ಯಾವ ನಿರ್ದೇಶಕನಿಂದಲೂ ಆಗದು. ಅಣೆಕಟ್ಟು ಒಡೆಯುವ ದೃಶ್ಯದಲ್ಲಿ ಹನಿಗಳು ತೆಂಗಿನಕಾಯಿಯಷ್ಟು ದಪ್ಪ ಕಂಡರೆ, ಅಣೆಕಟ್ಟು ಮೇಜಿನಷ್ಟಿತ್ತು ಎಂದು ತಿಳಿಯಬೇಕು.

ಕಾಸ್ತೆಲ್ಲಾರಿಯ 1978ರ ಚಿತ್ರದಲ್ಲಿ ಈ ವಿದ್ಯೆಯ ಒಳ್ಳೆಯ ಮಾದರಿಗಳಿವೆ. ಇಂಗ್ಲಿಷಿನಲ್ಲಿ 'ದಿ ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್' ಎಂದು ಹೆಸರು. ಸೈನಿಕ ನ್ಯಾಯಾಲಯದ ಶಿಕ್ಷೆಗೆ ಗುರಿಯಾದ ಕೆಲವು ಅಮೆರಿಕನ್ ಸೈನಿಕರು ತಪ್ಪಿಸಿಕೊಂಡು ಸ್ವಿಟ್ಜರ್‌ಲೆಂಡಿನತ್ತ ಓಡುತ್ತಾರೆ. ದಾರಿಯಲ್ಲಿ ಜರ್ಮನ್ ವೇಷದಲ್ಲಿದ್ದ ತಮ್ಮದೇ ಕಡೆಯವರನ್ನು ಶತ್ರುಗಳೆಂದು ಭಾವಿಸಿ ಕೊಂದುಬಿಡುತ್ತಾರೆ. ಸತ್ತವರು ಮಾಡಬೇಕಾಗಿದ್ದ ಕೆಲಸವನ್ನು, ಅಂದರೆ ರಕ್ಷಾಕವಚದ ರೈಲಿನಲ್ಲಿರುವ ವಿ-2 ರಾಕೆಟ್ಟಿನ ಗೈರೋಸ್ಕೋಪನ್ನು ಕದಿಯುವ ಕೆಲಸವನ್ನು, ತಾವು ಹೊರಬೇಕಾಗುತ್ತದೆ. ಕೊನೆಯ ರೈಲು ನಿಲ್ದಾಣದ ಸ್ಫೋಟಕ್ಕೆ ಮಾದರಿ ಕಟ್ಟಿಕೊಟ್ಟವನು ರೂಯಿಸ್. ವೇಗವಾಗಿ ಸುತ್ತುವ ಚಕ್ರ ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ವಿ-2 ರಾಕೆಟ್ಟಿಗೆ ದಿಕ್ಕು ತಪ್ಪದಂತೆ ನೋಡಿಕೊಂಡದ್ದು ಇದೇ ಬುಗುರಿಯ ತತ್ತ್ವ.

ನದಿಯ ಮೇಲಿನ ಎರಡು ಯುದ್ಧಗಳು

1979ರಲ್ಲಿ ಕೊಪ್ಪೊಲಾನ 'ಅಪೊಕ್ಯಾಲಿಪ್ಸ್ ನೌ' ಬಂದಾಗ ಇಟಲಿಯವರ ಯುದ್ಧಭೂಮಿ ಯುರೋಪಿನಿಂದ ಏಷ್ಯಾಕ್ಕೆ ಜಿಗಿಯಿತು. ವಿಯೆಟ್ನಾಂ ಯುದ್ಧದ ಆ ಚಿತ್ರ ತಯಾರಾದದ್ದು 1976-77ರಲ್ಲಿ ಫಿಲಿಪ್ಪೀನ್ಸಿನಲ್ಲಿ. ರಾಜಧಾನಿ ಮನಿಲಾದಿಂದ ಸುಮಾರು ನೂರು ಕಿಲೋಮೀಟರ್ ದೂರದ ಪಗ್ಸಾನ್ಹಾನ್ ನದಿಯ ದಡದಲ್ಲಿ ಅದರ ಕೊನೆಯ ಭಾಗದ ದೇವಾಲಯವನ್ನು ಕಟ್ಟಿದ್ದರು. ಪ್ರವಾಸಿಗಳು ಇಲ್ಲಿಗೆ ಹೋಗುವುದು ಜಲಪಾತಕ್ಕಾಗಿ. ಕಿರಿದಾದ ದೋಣಿಯಲ್ಲಿ ಕೂತರೆ ಅಂಬಿಗರಿಬ್ಬರು ಬಂಡೆಗಳಿಗೆ ಕಾಲು ಕೊಟ್ಟು ಒದೆಯುತ್ತಾ, ಪ್ರವಾಹದ ಎದುರು ದೋಣಿಯನ್ನು ಮೇಲಕ್ಕೆ ಸಾಗಿಸುತ್ತಾರೆ. ಎರಡೂ ಕಡೆ ಹಸಿರು ತುಂಬಿದ ಕಡಿದಾದ ಗೋಡೆಗಳು. ಹಿಂತಿರುಗುವಾಗ ಅದೇ ಪ್ರವಾಹ ದೋಣಿಯನ್ನು ಬಾಣದಂತೆ ಕೆಳಕ್ಕೊಯ್ಯುತ್ತದೆ.

ಕೊಪ್ಪೊಲಾನಿಗೆ ಹೆಲಿಕಾಪ್ಟರುಗಳನ್ನು ಕೊಟ್ಟದ್ದು ಅಧ್ಯಕ್ಷ ಮಾರ್ಕೋಸ್‌ನ ಸೈನ್ಯ. ಆದರೆ ಅದೇ ದಿನಗಳಲ್ಲಿ ಆ ಸೈನ್ಯ ದೇಶದೊಳಗಿನ ಬಂಡುಕೋರರೊಡನೆ ಹೋರಾಡುತ್ತಿತ್ತು. ಚಿತ್ರೀಕರಣದ ನಡುವೆಯೇ ಹೆಲಿಕಾಪ್ಟರುಗಳು ನಿಜವಾದ ಯುದ್ಧಕ್ಕೆ ಹೊರಟುಹೋಗುತ್ತಿದ್ದವು. ಸುಳ್ಳು ಯುದ್ಧಕ್ಕೂ ನಿಜವಾದ ಯುದ್ಧಕ್ಕೂ ಒಂದೇ ಯಂತ್ರ!

ಮಾರ್ಗೆರಿತಿ ತನ್ನ 'ದಿ ಲಾಸ್ಟ್ ಹಂಟರ್' (1980) ಚಿತ್ರಕ್ಕೆ ಇದೇ ದೇಶಕ್ಕೆ ಬಂದ. ಕಾಡು ಸಿದ್ಧವಾಗಿತ್ತು, ದೊಡ್ಡ ಚಿತ್ರದಲ್ಲಿ ದುಡಿದು ಪಳಗಿದ ಸ್ಥಳೀಯರಿದ್ದರು. ಮುಂದಿನ ಎಂಟು ಹತ್ತು ವರ್ಷ ಇಟಲಿಯ ತಂಡಗಳು ಬರುತ್ತಲೇ ಇದ್ದವು. ಮತ್ತೇಯಿಯ 'ಸ್ಟ್ರೈಕ್ ಕಮಾಂಡೊ' (1987) ಬಂದ ಹೊತ್ತಿಗೆ ಇಟಲಿಯ ಮೂರನೇ ದರ್ಜೆಯ ಮಂದಿರಗಳು ಮುಚ್ಚುತ್ತಾ ಬಂದಿದ್ದವು. ಖಾಸಗಿ ದೂರದರ್ಶನ ವಾಹಿನಿಗಳು ಮನೆಯೊಳಗೇ ಚಿತ್ರ ತೋರಿಸುತ್ತಿದ್ದವು. ದಶಕ ಮುಗಿಯುವುದರೊಳಗೆ ಈ ಪರಂಪರೆ ಬಹುಮಟ್ಟಿಗೆ ನಿಂತುಹೋಯಿತು.

ಈ ಚಿತ್ರಗಳ ದೊಡ್ಡ ದೋಷವೂ ಇಲ್ಲಿಯೇ ಎದ್ದು ಕಾಣುತ್ತದೆ. ಕಾಡಿನಿಂದ ಓಡಿಬಂದು ಗುಂಡೇಟಿಗೆ ಬೀಳುವ ಏಷ್ಯಾದ ಸೈನಿಕನಿಗೆ ಹೆಸರಿಲ್ಲ, ಮಾತಿಲ್ಲ, ತಾಯಿಯಿಲ್ಲ. ಫಿಲಿಪ್ಪೀನ್ಸಿನ ರೈತ ವಿಯೆಟ್ನಾಮಿನವನಾಗಿ ಒಂದೇ ದಿನ ಹತ್ತು ಸಲ ಸತ್ತರೂ ಪ್ರೇಕ್ಷಕನಿಗೆ ಅದು ಲೆಕ್ಕಕ್ಕಿಲ್ಲ. ಸಾವನ್ನು ಸರ್ಕಸ್ಸಾಗಿ ತೋರಿಸುವ ಈ ಗುಣವನ್ನು ಮಕ್ಕಳಿಗೆ ವಿವರಿಸಿ ಹೇಳುವುದು ತಂದೆತಾಯಿಗಳ ಕೆಲಸ. ಇವುಗಳಲ್ಲಿ ಹೆಚ್ಚಿನವು ಚಿಕ್ಕ ಮಕ್ಕಳು ನೋಡುವಂಥವೂ ಅಲ್ಲ.

ಮರಳಿ ಬಂದ ಮರ್ಯಾದೆ

ವಿಮರ್ಶಕರು ತಿರಸ್ಕರಿಸಿದ ಇಂಥ ಚಿತ್ರಗಳನ್ನು ಉಳಿಸಿದವರು ವಿಡಿಯೋ ಕ್ಯಾಸೆಟ್ಟಿನ ಅಭಿಮಾನಿಗಳು. ಅವರಲ್ಲೊಬ್ಬ ಅಮೆರಿಕದ ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊ. 2004ರ ವೆನಿಸ್ ಚಿತ್ರೋತ್ಸವದಲ್ಲಿ ಇಟಲಿಯ ಇಂಥ ಮರೆತ ಚಿತ್ರಗಳಿಗೆಂದೇ ಒಂದು ವಿಭಾಗ ಏರ್ಪಟ್ಟಾಗ ಅದಕ್ಕೆ ಬೆಂಬಲವಾಗಿ ನಿಂತವರಲ್ಲಿ ಅವನೂ ಇದ್ದ. 2009ರಲ್ಲಿ ಕಾಸ್ತೆಲ್ಲಾರಿಯ ಚಿತ್ರದ ಇಂಗ್ಲಿಷ್ ಹೆಸರನ್ನೇ ಬೇಕೆಂದು ಕಾಗುಣಿತ ಕೆಡಿಸಿ ತನ್ನ ಚಿತ್ರಕ್ಕಿಟ್ಟ. ಕಥೆ ಬೇರೆ. ಆದರೆ ಕಾಸ್ತೆಲ್ಲಾರಿ ಅದರಲ್ಲೊಮ್ಮೆ ಮುಖ ತೋರಿಸುತ್ತಾನೆ. ಪಾತ್ರವೊಂದು ತನ್ನ ಹೆಸರು 'ಆಂತೋನಿಯೊ ಮಾರ್ಗೆರಿತಿ' ಎಂದು ಸುಳ್ಳು ಹೇಳುತ್ತದೆ. 2002ರಲ್ಲಿ ತೀರಿಕೊಂಡ ಮಾರ್ಗೆರಿತಿ ಅದನ್ನು ನೋಡಲಿಲ್ಲ.

ಚಿತ್ರಗಳಲ್ಲಿ ಕಾಣದ ಸೈನಿಕರು

ಇಟಲಿಯ ನೆಲದಲ್ಲಿ ನಡೆದ ನಿಜವಾದ ಯುದ್ಧದಲ್ಲಿ ಭಾರತೀಯರೂ ಇದ್ದರು. ಬ್ರಿಟಿಷರ ಕೈಕೆಳಗಿದ್ದ ಭಾರತೀಯ ಸೈನ್ಯದ 4, 8 ಮತ್ತು 10ನೇ ಡಿವಿಜನ್ನುಗಳು ಅಲ್ಲಿ ಹೋರಾಡಿದವು. ಸುಮಾರು ಐವತ್ತು ಸಾವಿರ ಸೈನಿಕರಲ್ಲಿ ಐದು ಸಾವಿರದ ಏಳುನೂರಕ್ಕೂ ಹೆಚ್ಚು ಮಂದಿ ಹಿಂತಿರುಗಲಿಲ್ಲ. ಫೆರೋನಿ ಚಿತ್ರ ಮಾಡಿದ ಎಲ್ ಅಲಮೈನ್ ರಣರಂಗದಲ್ಲೂ 4ನೇ ಭಾರತೀಯ ಡಿವಿಜನ್ ಇತ್ತು. ಸೂತ್ರಕ್ಕೆ ಕಟ್ಟುಬಿದ್ದ ಆ ಚಿತ್ರಗಳ ಮುಂಚೂಣಿಯಲ್ಲಿ ಅಮೆರಿಕದವರು, ಬ್ರಿಟಿಷರು, ಜರ್ಮನರು, ಕೆಲವೊಮ್ಮೆ ಇಟಲಿಯವರು.

ರೋಮಿನಿಂದ ಉತ್ತರಕ್ಕೆ ಉಂಬ್ರಿಯಾ ಪ್ರಾಂತ್ಯದಲ್ಲಿ, ಟೈಬರ್ ನದಿಯ ಮೇಲಿನ ಕಣಿವೆಯ ಗುಡ್ಡವೊಂದರ ಮೇಲೆ ಮೊಂತೋನೆ ಎಂಬ ಪುಟ್ಟ ಊರಿದೆ. 1944ರ ಜುಲೈ 10ರಂದು ಈ ಕಣಿವೆಯಲ್ಲಿ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ನಾಯಕ್ ಯಶವಂತ ಘಾಡ್ಗೆ ಅವರ ತುಕಡಿಯ ಮೇಲೆ ಮೆಷಿನ್‌ಗನ್ನಿನ ಗುಂಡುಗಳು ಸುರಿದವು. ಜೊತೆಯವರೆಲ್ಲ ಸತ್ತರು ಅಥವಾ ಗಾಯಗೊಂಡರು. ಘಾಡ್ಗೆ ಒಬ್ಬರೇ ಮುನ್ನುಗ್ಗಿ ಕೈಬಾಂಬು ಎಸೆದರು, ಗುಂಡು ಹಾರಿಸಿದರು. ಬಂದೂಕಿಗೆ ಗುಂಡು ತುಂಬಲು ಸಮಯವಿಲ್ಲದೆ ಅದರ ಹಿಡಿಯಿಂದಲೇ ಹೊಡೆದು ಆ ಠಾಣೆಯನ್ನು ಗೆದ್ದರು. ಅಡಗಿದ್ದ ಶತ್ರುವಿನ ಗುಂಡಿಗೆ ಅಲ್ಲೇ ಬಲಿಯಾದರು. ಅವರಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಸಂದಿತು. ಮರುವರ್ಷ ಏಪ್ರಿಲ್ 9ರಂದು ಸೆನಿಯೊ ನದಿಯ ದಡದಲ್ಲಿ ಗಾಯಾಳುಗಳನ್ನು ಹೊತ್ತು ತಂದ ಇದೇ ರೆಜಿಮೆಂಟಿನ ನಾಮದೇವ ಜಾಧವ್ ಅವರಿಗೂ ಅದೇ ಪದಕ ಬಂತು. ಈ ರೆಜಿಮೆಂಟಿನ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ.

2023ರ ಜುಲೈಯಲ್ಲಿ ಮೊಂತೋನೆಯ ಜನ ಘಾಡ್ಗೆ ಅವರ ಹೆಸರಿನಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ಅದು ಪ್ರತಿಮೆಯಲ್ಲ, ಸೂರ್ಯಗಡಿಯಾರ. ನಾವೆಲ್ಲ ಒಂದೇ ಸೂರ್ಯನ ಕೆಳಗೆ ಬಾಳುವವರು ಎಂಬುದು ಅದರ ಧ್ಯೇಯವಾಕ್ಯ. ಭೂಗೋಳ ಓದುವ ವಿದ್ಯಾರ್ಥಿಗಳು ಇದರ ಜೊತೆ ಇನ್ನೊಂದು ಮಾತನ್ನೂ ನೆನಪಿಡಬೇಕು. ಸಮತಲ ಸೂರ್ಯಗಡಿಯಾರದ ಕಡ್ಡಿಯನ್ನು ಆಯಾ ಊರಿನ ಅಕ್ಷಾಂಶದ ಕೋನಕ್ಕೆ ಓರೆಯಾಗಿ ನಿಲ್ಲಿಸಬೇಕು. ಮೊಂತೋನೆಯಲ್ಲಿ ಅದು ಸುಮಾರು 43 ಡಿಗ್ರಿ, ಬೆಳಗಾವಿಯಲ್ಲಿ ಸುಮಾರು 16 ಡಿಗ್ರಿ. ಸೂರ್ಯ ಒಬ್ಬನೇ ಆದರೂ ನೆರಳನ್ನು ಓದಲು ನಿಂತ ನೆಲವನ್ನು ಅರಿತಿರಬೇಕು.

ರೋಮಿಗೆ ಹೋಗುವ ಅವಕಾಶ ಸಿಕ್ಕವರು ಚಿನೆಚಿತ್ತಾದ ಟೊಳ್ಳು ಕಂಬಗಳನ್ನು ತಟ್ಟಿ ನೋಡಲಿ, ಕ್ವಾದ್ರಾರೊ ಬೀದಿಗಳಲ್ಲಿ ಹತ್ತು ಹೆಜ್ಜೆ ನಡೆಯಲಿ. ಒಂದು ದಿನ ಬಿಡುವು ಮಾಡಿಕೊಂಡು ಮೊಂತೋನೆಯ ಗುಡ್ಡವನ್ನೂ ಹತ್ತಲಿ. ಹೋಗಲಾಗದವರು ಮುಂದಿನ ಸಲ ಯಾವುದೇ ಯುದ್ಧದ ಚಿತ್ರ ನೋಡುವಾಗ ಮಕ್ಕಳಿಗೆ ಎರಡು ಪ್ರಶ್ನೆ ಕೇಳಬಹುದು. ಆ ಗೋಪುರ ಬೀಳಲು ಎಷ್ಟು ಸೆಕೆಂಡು ಹಿಡಿಯಿತು? ಅದರ ಕೆಳಗೆ ಇದ್ದವರು ಯಾರು?